ವ್ಯಸನ ಎಂದು ಬರೆದ ತಪ್ಪಿಗೆ

ಮಾನ್ಯ ಅರ್ಹತಾ ಪರಿಶೀಲನಾಧಿಕಾರಿಗಳೇ,

ನಾನು ಕುಡಿಯುವುದಿಲ್ಲ. ಸೇದುವುದಿಲ್ಲ. ಉಳಿದ ಐಟಂಗಳ ಹೆಸರನ್ನು ಪಠ್ಯಪುಸ್ತಕದಲ್ಲಿ ಓದಿ, ಪರೀಕ್ಷೆಗೆ ಬಾಯಿಪಾಠ ಮಾಡಿ, ಮಾರನೆಯ ದಿನವೇ ಮರೆತಿದ್ದೇನೆ. ಆದರೂ ತಮ್ಮ ಕಚೇರಿ ನನ್ನನ್ನು ಚಟವಿರುವ ಮನುಷ್ಯನೆಂದು ತೀರ್ಮಾನಿಸಿ, ಶಾಲಾ ವ್ಯಸನಮುಕ್ತಿ ಆಪ್ತಸಮಾಲೋಚನೆಯ ಸ್ನಾತಕೋತ್ತರ ಪ್ರಮಾಣಪತ್ರವನ್ನು ತಡೆಹಿಡಿದು ಇಂದಿಗೆ ನಲವತ್ತೊಂದು ದಿನ. ಎರಡು ವರ್ಷ ಓದಿ, ಆರುನೂರು ಗಂಟೆ ಪ್ರಾಯೋಗಿಕ ತರಬೇತಿ ಮುಗಿಸಿ, ಪ್ರಥಮ ದರ್ಜೆಯಲ್ಲಿ ಪಾಸಾದವನಿಗೆ ಸಿಕ್ಕ ಮರ್ಯಾದೆ ಇದು. ತಮಗೆ ನಾಲ್ಕು ಪತ್ರ ಬರೆದೆ. ಮೂರಕ್ಕೆ ಉತ್ತರವಿಲ್ಲ, ನಾಲ್ಕನೆಯದಕ್ಕೆ ಬಂದ ಉತ್ತರದ ಸೊಗಸನ್ನು ಮುಂದೆ ವಿವರಿಸುತ್ತೇನೆ. ಐದನೆಯದನ್ನು ಎಲ್ಲರೂ ಓದಲಿ ಎಂದೇ ಬರೆಯುತ್ತಿದ್ದೇನೆ.

ನಾನು ಹತ್ತೊಂಬತ್ತು ವರ್ಷಗಳಿಂದ ಪಿ.ಟಿ. ಮೇಷ್ಟ್ರು. ಎರಡು ವರ್ಷದ ಹಿಂದೆ ಶಾಲೆಯ ನೀರಿನ ಟ್ಯಾಂಕಿನ ಹಿಂದೆ ಏಳನೇ ತರಗತಿಯ ಹುಡುಗಿಯೊಬ್ಬಳು ವೈಟ್ನರ್ ಸೀಸೆ ಹಿಡಿದು ಕೂತಿದ್ದಳು. ತಪ್ಪು ತಿದ್ದಿಕೊಳ್ಳುತ್ತಿರುವ ಶ್ರದ್ಧಾವಂತ ವಿದ್ಯಾರ್ಥಿನಿ ಎಂದುಕೊಂಡು ಹತ್ತಿರ ಹೋದೆ. ಪುಸ್ತಕವೂ ಇರಲಿಲ್ಲ, ಪೆನ್ನೂ ಇರಲಿಲ್ಲ. ಸೀಸೆ ಮೂಗಿನ ಹತ್ತಿರವಿತ್ತು, ಕಣ್ಣು ಎಲ್ಲೋ ಇತ್ತು. ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಗೊತ್ತಿದ್ದದ್ದು ಒಂದೇ. ಕೊರಳಲ್ಲಿದ್ದ ವಿಷಲ್ ಎತ್ತಿ ಊದಿದೆ, ಅದೂ ಇಡೀ ಶಾಲೆಗೆ ಕೇಳುವ ಹಾಗೆ. ಅವಳು ಓಡಿದಳು. ಹನ್ನೊಂದು ದಿನ ಶಾಲೆಗೆ ಬರಲಿಲ್ಲ. ಆ ಹನ್ನೊಂದು ದಿನ ನನಗೆ ಅನ್ನ ಸೇರಲಿಲ್ಲ ಎಂಬುದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ. ಹನ್ನೆರಡನೆಯ ದಿನ ತಮ್ಮ ಕೋರ್ಸಿಗೆ ಅರ್ಜಿ ಹಾಕಿದೆ.

ಕೋರ್ಸಿನ ಬಗ್ಗೆ ನನ್ನ ತಕರಾರಿಲ್ಲ. ನಲವತ್ತನಾಲ್ಕನೇ ವಯಸ್ಸಿನಲ್ಲಿ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತೆ. ಮೊದಲ ಪಾಠವೇ ಮೌನ. "ಮಗು ಮಾತಾಡೋವರೆಗೂ ನೀವು ಬಾಯಿ ಬಿಡಬಾರದು" ಎಂದರು ಪ್ರೊಫೆಸರಮ್ಮ. ನಾನು ಹನ್ನೊಂದನೇ ಸೆಕೆಂಡಿಗೆ ಸೋತೆ. ಇನ್ನೊಂದು ದಿನ ನನ್ನ ಸಹಪಾಠಿಯಾಗಿದ್ದ ನಿವೃತ್ತ ನರ್ಸ್ ಒಬ್ಬರು ಹಠಮಾರಿ ವಿದ್ಯಾರ್ಥಿಯ ಪಾತ್ರ ಮಾಡಿದರು. ಅವರನ್ನು ಮೃದುವಾಗಿ ಮಾತಿಗೆಳೆಯಬೇಕಿತ್ತು. ನನ್ನ ಬಾಯಿಂದ "ಅಟೆನ್ಷನ್!" ಎಂದು ಬಂತು. ಪಾಪ, ಆಕೆ ಎದ್ದು ನಿಂತೇಬಿಟ್ಟರು. ಕಲಿತದ್ದನ್ನು ಮನೆಯಲ್ಲೂ ಅಭ್ಯಾಸ ಮಾಡಿದೆ.

"ರೀ, ಗ್ಯಾಸ್ ಮುಗ್ದಿದೆ" ಎಂದಳು ಹೆಂಡತಿ.

"ಗ್ಯಾಸ್ ಮುಗ್ದಿರೋದು ನಿನಗೆ ಹೇಗನ್ನಿಸ್ತಿದೆ?"

"ನಿಮ್ಮ ತಲೆ ಒಡೀಬೇಕು ಅನ್ನಿಸ್ತಿದೆ."

"ಅಂದ್ರೆ ನಿನಗೆ ಸ್ವಲ್ಪ ಸಿಟ್ಟು ಬಂದಿದೆ ಅಂತ ನಾನು ಅರ್ಥ ಮಾಡ್ಕೋಬಹುದಾ?"

ಆ ಸೆಮಿಸ್ಟರ್ ಪೂರ್ತಿ ನಮ್ಮ ಮನೆಯಲ್ಲಿ ಮೌನದ ಅಭ್ಯಾಸ ಚೆನ್ನಾಗಿ ನಡೆಯಿತು. ಎರಡನೇ ವರ್ಷ ಪ್ರಾಯೋಗಿಕ ತರಬೇತಿಗೆ ನಮ್ಮ ಶಾಲೆಯಲ್ಲೇ, ಗಾಳಿ ಹೋದ ಫುಟ್‌ಬಾಲುಗಳನ್ನು ತುಂಬಿಟ್ಟಿದ್ದ ಕೋಣೆಯನ್ನು ಖಾಲಿ ಮಾಡಿ ಎರಡು ಕುರ್ಚಿ ಹಾಕಿದೆ. ಅದೇ ಹುಡುಗಿ ಪ್ರತಿ ಗುರುವಾರ ಮೂರನೇ ಪೀರಿಯಡ್‌ಗೆ ಬರತೊಡಗಿದಳು. ಮೂರು ವಾರ ಅವಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ನಾಲ್ಕನೇ ವಾರ ಕೇಳಿದಳು: "ಸಾರ್, ಬೈಯೋದು ಯಾವಾಗ ಶುರು ಮಾಡ್ತೀರಾ?"

"ಬೈಯಲ್ಲಮ್ಮ."

"ಮತ್ತೆ ಇಲ್ಲಿ ಏನ್ಮಾಡ್ತೀರಾ?"

"ಕೇಳಿಸ್ಕೋತೀನಿ."

ಅಲ್ಲಿಂದಾಚೆ ಅವಳು ಏನೇನು ಹೇಳಿದಳೆಂಬುದು ತಮಗೆ ಬೇಡ. ಗೋಪ್ಯತೆಯ ಪತ್ರಿಕೆಯಲ್ಲಿ ನನಗೆ ಎಂಬತ್ತೆರಡು ಅಂಕ ಬಂದಿದೆ. ಒಂದು ಮಾತ್ರ ಹೇಳುತ್ತೇನೆ, ವರ್ಷವಿಡೀ ಅವಳ ಹಾಜರಿ ತಪ್ಪಲಿಲ್ಲ. ಗೋಡೆಗೆ "ಮಾದಕ ವಸ್ತು ಮಾರಕ" ಎಂದು ಭಿತ್ತಿಪತ್ರ ಅಂಟಿಸಿದರೆ ಇದೆಲ್ಲ ಆಗುತ್ತಿತ್ತೇ? ವಿಷಲ್ ಊದುವವನನ್ನು ಕಿವಿಗೊಡುವವನನ್ನಾಗಿ ಮಾಡಲು ಎರಡು ವರ್ಷ ಬೇಕು ಸ್ವಾಮಿ. ತಮ್ಮ ತರಬೇತಿ ಅದನ್ನು ಮಾಡಿತು. ತಮ್ಮ ಕಚೇರಿ ಅದಕ್ಕೆ ಬೀಗ ಹಾಕಿತು.

ಎಲ್ಲಕ್ಕೂ ಕಾರಣ ಒಂದು ಪದ. ಅರ್ಜಿಯಲ್ಲಿ "ಈ ಕೋರ್ಸನ್ನು ಏಕೆ ಆಯ್ದುಕೊಂಡಿರಿ?" ಎಂಬ ಪ್ರಶ್ನೆಗೆ ನಾನು ಹೀಗೆ ಬರೆದಿದ್ದೆ: "ಮಕ್ಕಳ ಸ್ಥಿತಿ ಕಂಡು ನನಗೆ ಬಹುಕಾಲದಿಂದ ತೀವ್ರ ವ್ಯಸನವಿದೆ." ನಮ್ಮಪ್ಪ ಯಾರಿಗಾದರೂ ಕಾಯಿಲೆ ಎಂದರೆ "ಕೇಳಿ ವ್ಯಸನವಾಯ್ತು" ಎನ್ನುತ್ತಿದ್ದರು. ವ್ಯಸನವೆಂದರೆ ದುಃಖ ಎಂದು ಕಲಿತ ಮನೆಯವನು ನಾನು. ಎರಡು ವರ್ಷದ ನಂತರ ಪ್ರಮಾಣಪತ್ರ ಪಡೆಯಲು ಹೋದಾಗ ತಮ್ಮ ಮೂರನೇ ಕೌಂಟರಿನ ಗುಮಾಸ್ತರು ಅದರ ಕೆಳಗೆ ಕೆಂಪು ಗೆರೆ ಎಳೆದರು.

"ವ್ಯಸನ ಇದೆ ಅಂತ ನೀವೇ ಬರ್ದಿದೀರಲ್ಲ ಸಾರ್."

"ಅದು ದುಃಖ ಕಣ್ರೀ!"

"ಎಲ್ರೂ ಆಮೇಲೆ ಹಾಗೇ ಹೇಳೋದು. ಅದೂ ಬಹುಕಾಲದಿಂದ, ತೀವ್ರ ಅಂತ ಬೇರೆ ಹಾಕಿದೀರಿ."

ತಪಾಸಣೆಗೆ ಕಳಿಸಿದರು. ಹೋದೆ. ಡಾಕ್ಟರು ಬಹಳ ಸೌಜನ್ಯದಿಂದ "ಏನು ತಗೋತೀರಿ?" ಎಂದು ಕೇಳಿದರು. ಎಂಥ ಒಳ್ಳೆಯ ಮನುಷ್ಯ ಎಂದುಕೊಂಡು, "ಟೀ ಆದ್ರೆ ಸಾಕು, ಸಕ್ಕರೆ ಕಮ್ಮಿ" ಎಂದೆ. ಅವರು ಅದನ್ನು ಬರೆದುಕೊಂಡರು. ಟೀ ಬರಲಿಲ್ಲ. ಕೊನೆಗೆ "ಇವರಿಗೆ ಯಾವುದೇ ವ್ಯಸನ ಇಲ್ಲ" ಎಂದು ಪತ್ರ ಕೊಟ್ಟರು. ಅದನ್ನು ಹಿಡಿದು ಕುಣಿಯುತ್ತಾ ಕೌಂಟರಿಗೆ ಬಂದೆ.

"ಇಲ್ಲ ಅಂತ ಬಂದಿದೆ ಸಾರ್. ನಮಗೆ ಬಿಟ್ಟಿದಾರೆ ಅಂತ ಬೇಕು. ಫಾರಮ್ಮಲ್ಲಿ ವ್ಯಸನಮುಕ್ತ ಅಂತಿದೆ ನೋಡಿ."

"ಹಿಡಿದೇ ಇಲ್ಲದ್ದನ್ನ ಬಿಡೋದು ಹೇಗ್ರೀ?"

"ಅದು ನಿಮ್ಮ ವೈಯಕ್ತಿಕ ವಿಷ್ಯ ಸಾರ್."

ಹೀಗಾಗಿ ಚಟ ಬಿಡುವವರ ಗುಂಪಿನಲ್ಲೂ ಹೋಗಿ ಕೂತೆ. ಎಲ್ಲರೂ ತಮ್ಮ ತಮ್ಮ ಕಥೆ ಹೇಳಿ ಕಣ್ಣೊರೆಸಿಕೊಂಡರು. ನನ್ನ ಸರದಿ ಬಂದಾಗ ಹೇಳಲು ಏನೂ ಇಲ್ಲದೆ ಬೆವರಿದೆ. ಪಕ್ಕದಲ್ಲಿದ್ದ ಲಾರಿ ಡ್ರೈವರ್ ಕನಿಕರದಿಂದ ಸಲಹೆ ಕೊಟ್ಟ: "ಮೇಷ್ಟ್ರೇ, ಬೇಕಾದ್ರೆ ಒಂದು ವಾರ ಹಿಡ್ಕೊಂಡು ಆಮೇಲೆ ಬಿಟ್ಬಿಡಿ. ಆಫೀಸ್ನೋರಿಗೂ ಸಮಾಧಾನ." ಕ್ಷಣಕಾಲ ಯೋಚಿಸಿದೆನೆಂದು ಒಪ್ಪಿಕೊಳ್ಳುತ್ತೇನೆ. ಜನರನ್ನು ಚಟಕ್ಕೆ ದೂಡುವ ಇಲಾಖೆಯ ಹೆಸರು ವ್ಯಸನಮುಕ್ತಿ ಎಂದಿರುವುದು ಎಷ್ಟು ಚಂದ!

ಆಮೇಲೆ ತಮ್ಮ ಉತ್ತರ ಬಂತು. ಮೊಹರಿತ್ತು, ತಮ್ಮ ರುಜುವೂ ಇತ್ತು: "ತಮ್ಮ ಕೋರಿಕೆಯನ್ನು ಈಡೇರಿಸಲಾಗದಿರುವುದಕ್ಕೆ ಈ ಕಚೇರಿಗೆ ತೀವ್ರ ವ್ಯಸನವಿದೆ." ಮೂರು ಸಲ ಓದಿದೆ. ಹೆಂಡತಿಗೆ ಓದಿ ಹೇಳಿದೆ. ಎರಡು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಓದಿನಿಂದಾಗಿ ನಕ್ಕಳು. ಮಾನ್ಯರೇ, ಕಚೇರಿಗೆ ಇದು ಎಷ್ಟು ವರ್ಷದಿಂದ ಇದೆ? ದಿನಕ್ಕೆ ಎಷ್ಟು ಸಲ? ಬಿಡಬೇಕೆಂದು ಯಾವತ್ತಾದರೂ ಅನ್ನಿಸಿದೆಯೇ? ನಾನು ಬೈಯುವುದಿಲ್ಲ. ತರಬೇತಿ ಪಡೆದವನು.

ನಗು ಇಲ್ಲಿಗೆ ಸಾಕು. ಪ್ರಮಾಣಪತ್ರವಿಲ್ಲದವರು ಮಕ್ಕಳ ಬಳಿ ಇಂಥ ವಿಷಯ ಮಾತಾಡಬಾರದೆಂಬ ನಿಯಮವಿದೆ. ಒಳ್ಳೆಯ ನಿಯಮ, ಏನೂ ಕಲಿಯದವನು ಎಂಥ ಅನಾಹುತ ಮಾಡುತ್ತಾನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತರಬೇತಿಯ ಅವಧಿ ಮುಗಿದ ದಿನವೇ ಹೆಡ್‌ಮಿಸ್ ಕೋಣೆಗೆ ಬೀಗ ಹಾಕಿ, "ಇನ್ಮೇಲೆ ಆಟದ ವಿಷ್ಯ ಮಾತ್ರ ಮಾತಾಡಿ ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ" ಎಂದರು. ಹುಡುಗಿಗೆ ಈಗ ಒಂಬತ್ತನೇ ತರಗತಿ. ಗುರುವಾರ ಬಂದರೆ ಈಗಲೂ ಬೀಗದ ಮುಂದೆ ನಿಲ್ಲುತ್ತಾಳೆ. ನಾನು ಪಕ್ಕದಲ್ಲಿ ನಿಂತು ಆಟದ ವಿಷಯ ಮಾತಾಡುತ್ತೇನೆ.

ಮೊನ್ನೆ ಗುರುವಾರ ಅವಳ ಮುಖ ಸರಿಯಿರಲಿಲ್ಲ. ನೆಲ ನೋಡುತ್ತಾ ಕೇಳಿದಳು: "ಸಾರ್, ಲಾಂಗ್ ಜಂಪಲ್ಲಿ ಗೆರೆ ತುಳಿದುಬಿಟ್ರೆ ಅಲ್ಲಿಗೇ ಮುಗೀತಾ?"

"ಇಲ್ಲಮ್ಮ. ಮೂರು ಚಾನ್ಸ್ ಇರುತ್ತೆ."

"ಮೂರೂ ಆಗ್ಹೋಗಿದ್ರೆ?"

ಪಿ.ಟಿ. ಮೇಷ್ಟ್ರಿಗೆ ಇದಕ್ಕೆ ಗೊತ್ತಿರುವುದು ಒಂದೇ ಉತ್ತರ: ಔಟ್. ಇನ್ನೊಂದು ಉತ್ತರವಿದೆ ಎಂದು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಅದು ನಾಲಿಗೆಯ ತುದಿಯವರೆಗೆ ಬಂತು. "ರೂಲ್ ಬುಕ್ ನೋಡಿ ಹೇಳ್ತೀನಿ" ಎಂದೆ. "ಬರೋ ಗುರುವಾರ ಹೇಳ್ತೀರಾ ಸಾರ್?" ಎಂದಳು. ಹೂಂ ಎಂದಿದ್ದೇನೆ.

ಆದ್ದರಿಂದ ಬುಧವಾರ ಸಂಜೆಯೊಳಗೆ ನನ್ನ ಪ್ರಮಾಣಪತ್ರಕ್ಕೆ ರುಜು ಹಾಕಿ. ಆಗದಿದ್ದರೆ ಗುರುವಾರ ಮೂರನೇ ಪೀರಿಯಡ್‌ಗೆ ತಾವೇ ಬನ್ನಿ, ಬೀಗದ ಮುಂದೆ ನಿಂತು ಅವಳ ಪ್ರಶ್ನೆಗೆ ತಾವೇ ಉತ್ತರ ಕೊಡಿ.

ಇಂತಿ,
ಸದ್ಯಕ್ಕೆ ಲಾಂಗ್ ಜಂಪ್ ಕುರಿತು ಮಾತ್ರ ಮಾತಾಡಲು ಅನುಮತಿಯುಳ್ಳ
ಒಬ್ಬ ಪಿ.ಟಿ. ಮೇಷ್ಟ್ರು