ಅಣ್ಣನ ಬದಲು ನಾನು ತೋರಿಸಿದ ಮುಖ

ಪರಿವೀಕ್ಷಣಾಧಿಕಾರಿಗಳೇ,

ನನ್ನ ಅಣ್ಣ ಮೈಲಾರಿ ನಿಮಗೆ ಮೋಸ ಮಾಡಿಲ್ಲ. ನಿಮ್ಮ ಹಾಜರಿ ಆ್ಯಪ್‌ಗೆ ಅವನ ಬದಲು ಮುಖ ತೋರಿಸಿದವಳು ನಾನು. ಆದರೆ ಬರುವ ಸೋಮವಾರ ಕೋರ್ಟಿಗೆ ಹಾಜರಾಗಬೇಕೆಂದು ನೋಟಿಸ್ ಬಂದಿರುವುದು ಅವನಿಗೆ. ಒಳ್ಳೆಯ ನಡತೆಯ ಮುಚ್ಚಳಿಕೆ ರದ್ದಾದರೆ ಅವನು ಜೈಲಿಗೆ ಹೋಗುತ್ತಾನೆ.

ನಾನು ಐದನೇ ಇಯತ್ತೆ ಓದಿದವಳು, ಬರೆಯುವುದರಲ್ಲಿ ತಪ್ಪಿದ್ದರೆ ಮನ್ನಿಸಿ. ಎರಡು ವರ್ಷದ ಹಿಂದೆ ಮಾಸೂರಿನ ಗದ್ದೆಯಲ್ಲಿ ಕಾಲುವೆ ನೀರಿನ ಪಾಳಿಗಾಗಿ ಜಗಳವಾಗಿ, ಅಣ್ಣ ಪಕ್ಕದ ಗದ್ದೆಯ ಅಜ್ಜಪ್ಪನವರಿಗೆ ಸಲಿಕೆಯ ಕಾವಿನಿಂದ ಹೊಡೆದ. ಅದು ತಪ್ಪೇ. ಕೋರ್ಟು ಮುಚ್ಚಳಿಕೆ ಬರೆಸಿಕೊಂಡು ಅವನನ್ನು ನಿಮ್ಮ ಕಚೇರಿಯ ನಿಗಾದಲ್ಲಿ ಬಿಟ್ಟಿತು. ಆಗ ಇದ್ದ ಸಾಹೇಬರು ತಿಂಗಳಿಗೊಮ್ಮೆ ಅಣ್ಣನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ಒಂದು ಸಲ, "ಅಜ್ಜಪ್ಪನ ಮನೀಗೆ ಹೋಗಿ ಬಂದೀಯೇನು?" ಎಂದು ಕೇಳಿದರಂತೆ. ಅಣ್ಣ ಹೋದ. ಮೂರು ದಿನ ಅವರ ಕಟ್ಟೆಯ ಮೇಲೆ ಸುಮ್ಮನೆ ಕೂತು ಬಂದ. ನಾಲ್ಕನೆಯ ದಿನ ಅವರು ಚಹಾ ಕೊಟ್ಟರು. ಈಗ ಇಬ್ಬರೂ ಒಂದೇ ಗುಂಪಿನಲ್ಲಿ ನಾಟಿ ಕೆಲಸಕ್ಕೆ ಹೋಗುತ್ತಾರೆ. ಇದನ್ನು ತಿಳಿಸಲು ನಿಮ್ಮ ಆ್ಯಪ್‌ನಲ್ಲಿ ಯಾವ ಗುಂಡಿ ಒತ್ತಬೇಕು?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕು ನಿಮ್ಮೊಬ್ಬರ ಮೇಲೆಯೇ ಇವೆಯಂತೆ. ಭಾರ ಕಡಿಮೆಯಾಗಲಿ ಎಂದು ಆ್ಯಪ್ ತಂದಿರಿ. ಸಂತೋಷ. ಇಳಿಸಿದ ಭಾರ ಯಾರ ತಲೆಯ ಮೇಲೆ ಬಿತ್ತು ಎಂದು ತಿರುಗಿ ನೋಡಿದಿರಾ?

ಪ್ರತಿ ಸೋಮವಾರ ಹತ್ತು ಗಂಟೆಯೊಳಗೆ ಅಣ್ಣ ಮನೆಯಲ್ಲೇ ನಿಂತು ಫೋಟೊ ಕಳಿಸಬೇಕು. ನಮ್ಮಲ್ಲಿರುವುದು ಒಂದೇ ಫೋನು, ಅದು ಮನೆಯಲ್ಲಿರುತ್ತದೆ. ಒಂದು ಸೋಮವಾರ ನಾಟಿ ಬೇಗ ಶುರುವಾಗಿ ಅಣ್ಣ ಕೆಸರಿನಲ್ಲಿದ್ದ. ಫೋನು ಒಂದೇ ಸಮನೆ ಬಡಿದುಕೊಂಡಿತು. ರೇಷನ್ ಅಂಗಡಿಯಲ್ಲಿ ಮನೆಯವರಲ್ಲಿ ಯಾರ ಹೆಬ್ಬೆಟ್ಟಾದರೂ ನಡೆಯುತ್ತದೆ. ಇದೂ ಸರ್ಕಾರದ್ದೇ, ಹಾಗೇ ಇರಬೇಕೆಂದು ಕೂದಲು ಸರಿಮಾಡಿಕೊಂಡು ನಾನೇ ನಿಂತೆ. ಫೋಟೊ ತಲುಪಿತೆಂದು ಹಸಿರು ಗುರುತು ಬಂತು. ಅಣ್ಣನ ಒಂದು ಕೆಲಸ ಹಗುರ ಮಾಡಿದೆನೆಂದು ಖುಷಿಪಟ್ಟೆ. ಮೂರು ವಾರದ ಮೇಲೆ ನೋಟಿಸ್ ಬಂತು. ಬೇರೊಬ್ಬರ ಮುಖ ತೋರಿಸಿ ವಂಚನೆ ಮಾಡಿದ್ದಾನೆ ಎಂದು ಅದರಲ್ಲಿತ್ತು. ವಂಚನೆ ಮಾಡುವವರು ಇಷ್ಟು ನೆಟ್ಟಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆಯೇ?

ನಮ್ಮವ್ವ ಉಡಚವ್ವ ನಿಮ್ಮ ಕಚೇರಿಗೆ ಬಂದಿದ್ದಳು. ನೀವು ಇರಲಿಲ್ಲ. "ನಮ್ಮ ಕೈಯಾಗ ಏನೂ ಇಲ್ಲಬೇ, ಎಲ್ಲಾ ಆ್ಯಪ್ ನೋಡ್ಕೋತೈತಿ" ಎಂದರು ಗುಮಾಸ್ತರು.

"ಹಂಗಾರ ಆ ಆ್ಯಪ್ ಸಾಹೇಬ್ರು ಎಷ್ಟೊತ್ತಿಗೆ ಬರ್ತಾರ್ರಿ? ನಾ ಕುಂತಿರ್ತೇನಿ" ಎಂದಳಂತೆ ಅವ್ವ.

ಅಲ್ಲಿದ್ದವರು ನಕ್ಕರಂತೆ. ಅವಳು ಸಂಜೆಯ ಬಸ್ಸಿನವರೆಗೂ ಕೂತು ಬಂದಳು.

ನನ್ನ ಬೇಡಿಕೆ ಒಂದೇ. ಸೋಮವಾರಕ್ಕಿಂತ ಮೊದಲು ಅಣ್ಣನನ್ನು ಒಮ್ಮೆ ಕರೆಸಿ, ನೀವೇ ಮಾತಾಡಿಸಿ. ಅಜ್ಜಪ್ಪನವರೂ ಬರುತ್ತೇನೆ ಎಂದಿದ್ದಾರೆ. ಆಮೇಲೆ ನಿಮಗೆ ಕಂಡದ್ದನ್ನು ಕೋರ್ಟಿಗೆ ಬರೆಯಿರಿ. ಅಣ್ಣ ಅಲ್ಲಿ ಬಾಯಿ ಬಿಡುವುದಿಲ್ಲ. "ಹೆಣ್ಣಮಗಳ ಹೆಸರು ಕೋರ್ಟಿನ್ಯಾಗ ಬ್ಯಾಡ" ಎಂದು ಅವ್ವನಿಂದ ಆಣೆ ಮಾಡಿಸಿಕೊಂಡಿದ್ದಾನೆ. ನನ್ನಿಂದ ಮಾಡಿಸಿಕೊಳ್ಳಲು ಮರೆತಿದ್ದಾನೆ. ಅದಕ್ಕೇ ಕೆಳಗೆ ನನ್ನ ಹೆಸರು ಬರೆದಿದ್ದೇನೆ.

ಇಂತಿ,
ನಿಮ್ಮ ಕಚೇರಿಯ ಕಿಟಕಿಯ ತನಕ ಎರಡು ಸಲ ಬಂದು, ಒಳಗೆ ಬಾರದೆ ಮರಳಿದ
ಮಾಲಾ, ಮಾಸೂರು