ಗ್ಯಾಡಿಯನ್ನು ಓಡಿಸಿದ ಭಾನುವಾರ

ಆರ್ಕನ್ಸಾ, ಡಿಸೆಂಬರ್ 16

ಡಾರಿಯಸ್,

ನಿನ್ನ ಕೈಗೆ ಲಕ್ವ ಹೊಡೆದಿದೆಯೇ? ಫೋನ್ ಎತ್ತುವುದನ್ನಂತೂ ನೀನು ಬಿಟ್ಟೇಬಿಟ್ಟೆ. ನಾನು ಮೂರು ಕಾಗದ ಬರೆದೆ, ಒಂದಕ್ಕೂ ಉತ್ತರವಿಲ್ಲ. ನಾಯಿಗೆ ಬರೆದಿದ್ದರೆ ಬಾಲವಾದರೂ ಅಲ್ಲಾಡುತ್ತಿತ್ತು. ಇದು ಎರಡು ದಿನ ತಡವಾಯಿತು, ಕ್ಷಮಿಸು. ಕನ್ನಡಕ ಕೋಳಿಗೂಡಿನಲ್ಲಿ ಬಿದ್ದಿತ್ತು.

ಸೆಪ್ಟೆಂಬರಿನಲ್ಲಿ ನೀನು, "ಅಜ್ಜಿ, ಈ ಸಲ ನನ್ನ ತಂಡ ನೀನೇ ನೋಡ್ಕೋ, ನಂಗೆ ಪುರುಸೊತ್ತಿಲ್ಲ" ಎಂದೆ. ನೋಡಿಕೊಂಡೆ. ನಾವು ಆರಿಸಿ ಕಾಗದದಲ್ಲಿ ಬರೆದಿಟ್ಟ ಆಟಗಾರರು ಟೀವಿಯ ಫುಟ್‌ಬಾಲಿನಲ್ಲಿ ಓಡಿದಷ್ಟೂ ನಮ್ಮ ತಂಡಗಳಿಗೆ ಅಂಕ. ಮನೆಯ ಕಟ್ಟಳೆ ನಿನಗೆ ಗೊತ್ತು: ವರ್ಷದ ಕೊನೆಗೆ ತಳಕ್ಕೆ ಬಿದ್ದವನ ಆಟ ನೋಡುವ ಕುರ್ಚಿ, ಕುರ್ಚಿಯಿಲ್ಲದೆ ಕಾದು ನಿಂತವನಿಗೆ. ಮೊನ್ನೆ ಭಾನುವಾರ ಕೊನೆಯ ಆಟ. ಸೋತರೆ ನೀನೇ ತಳಕ್ಕೆ, ನಿನ್ನ ತಾತ ನಿನಗೆ ಬಿಟ್ಟುಹೋದ ಕುರ್ಚಿಯೇ ಹೋಗುತ್ತಿತ್ತು.

ಚೆಂಡು ಹಿಡಿದು ಓಡಲು ನಿನ್ನ ತಂಡದಲ್ಲಿ ಇಬ್ಬರು, ಜಾಗ ಒಂದೇ. ಗ್ಯಾಡಿಗೆ ಮೂವತ್ತು ದಾಟಿದೆ. ಆದರೆ ಅಂಕ ತರುವ ಕೊನೆಯ ಗೆರೆಗೆ ಎರಡು ಗಜ ಉಳಿದಾಗ ಚೆಂಡು ಅವನ ಕೈಗೇ. ಟ್ರಾಸ್ಕ್ ಈ ವರ್ಷ ಬಂದ ಹುಡುಗ; ಜಿಂಕೆಯಂತೆ ಓಡುತ್ತಾನೆ, ಚೆಂಡನ್ನು ಮಾತ್ರ ಎಣ್ಣೆಗೈಯಲ್ಲಿ ಮೀನು ಹಿಡಿದಂತೆ ಹಿಡಿಯುತ್ತಾನೆ.

ನಿನ್ನ ಚಿಕ್ಕಮ್ಮನ ಗಂಡ ರೋಲೆಂಡ್ ಆರು ವರ್ಷದಿಂದ ಕುರ್ಚಿಯಿಲ್ಲದೆ ಗೋಡೆಗೊರಗಿ ಆಟ ನೋಡುತ್ತಿದ್ದಾನಲ್ಲ, ಅವನು ಹೇಳಿದ: "ಅತ್ತೆ, ಎಳೆಗಾಲು ಎಳೆಗಾಲೇ. ಹುಡುಗನ್ನ ಹಾಕಿ."

"ನನ್ನ ಮಗಳೂ ಎಳೆಗಾಲು ನೋಡೇ ನಿನ್ನ ಕಟ್ಕೊಂಡ್ಲು. ಈಗ ಮೂರು ಮೆಟ್ಲು ಹತ್ತೋಕೆ ಏದುಸಿರು ಬಿಡ್ತೀಯ."

"ನನ್ನ ವಿಷ್ಯ ಬಿಡಿ. ಕುರ್ಚಿ ನಂಗೂ ಬೇಕು, ಆದ್ರೆ ಹೀಗಲ್ಲ."

ಗ್ಯಾಡಿಯನ್ನೇ ಹಾಕಿದೆ. ನಾಲ್ಕನೇ ಓಟಕ್ಕೆ ಮಂಡಿ ಹಿಡಿದು ಕುಸಿದ. ಟ್ರಾಸ್ಕ್ ಮೂರು ಸಲ ಗೆರೆ ದಾಟಿದ. ನಾನು ಹೊರಗಿಟ್ಟವನು ಎಷ್ಟು ದಾಟಿದರೇನು, ಆರು ಅಂಕದಿಂದ ಸೋತೆವು. ಕುರ್ಚಿಯ ಬೆನ್ನಿಗೆ ತಾತ ಕೆತ್ತಿದ್ದ ನಿನ್ನ ಹೆಸರನ್ನು ನಾನೇ ಚಾಕುವಿನಿಂದ ಹೆರೆದೆ. ರೋಲೆಂಡ್ ಕೂರಲು ಹಿಂದೆಮುಂದೆ ನೋಡಿದ. ಗದರಿಸಿ ಕೂರಿಸಿದೆ.

ದೇವರು ನಿನ್ನ ಬೆನ್ನು ಗಟ್ಟಿಯಾಗಿಡಲಿ, ಚೂರು ನಾಚಿಕೆಯನ್ನೂ ಕೊಡಲಿ.

ನಿನ್ನ ಅಜ್ಜಿ,
ಓರ್ಲೀನ್

ಮೇಲೆ ಬರೆಯದೆ ಬಿಟ್ಟದ್ದು: ಗ್ಯಾಡಿಯ ಮಂಡಿ ಕೆಟ್ಟಿದೆಯೆಂದು ಶುಕ್ರವಾರವೇ ಗಾಯಾಳುಗಳ ಪಟ್ಟಿಯಲ್ಲಿತ್ತು. ರೋಲೆಂಡ್ ಎರಡು ಸಲ ಓದಿ ಹೇಳಿದ್ದ. ಗೊತ್ತಿದ್ದೇ ಹಾಕಿದೆ. ಪ್ರೀತಿಯಿಂದ ಬರೆದ ಮೂರು ಕಾಗದಕ್ಕೆ ನೀನು ಉತ್ತರಿಸಲಿಲ್ಲ. ಕುರ್ಚಿ ಹೋದ ಸಿಟ್ಟಿಗಾದರೂ ಬರೆಯುತ್ತೀಯೆಂದುಕೊಂಡೆ. ಬಾಯಿಗೆ ಬಂದಂತೆ ಬೈದು ಬರಿ. ಜನವರಿ ಹುಟ್ಟುವ ಮೊದಲು ಬರಿ.