ಬೇಳೆಯ ಕಟ್ಟು

ಅಮ್ಮಾ,

ನೀನು ಕಣ್ಮುಚ್ಚಿದ ಮೇಲೆ ಯಾವುದನ್ನೂ ಕೇಳಿಕೊಂಡು ಮಾಡುವ ಹಾಗಿಲ್ಲ. ಕೃತಿಕಾಳ ತೂಕ ಈ ತಿಂಗಳೂ ಏರಲಿಲ್ಲ. ನನಗೆ ನಿದ್ದೆಯೇ ಹತ್ತುತ್ತಿಲ್ಲ.

ಮಗುವಿನ ಊಟಕ್ಕೆಂದು ಸರ್ಕಾರದಿಂದ ಖಾತೆಗೆ ಬೀಳುವ ಹಣದಲ್ಲಿ ತಪ್ಪದೆ ತೊಗರಿಬೇಳೆ ತರುತ್ತಿದ್ದೆ. ನೀನು ಹೇಳಿಕೊಟ್ಟಂತೆ ಬೇಯಿಸಿ, ಬಸಿದ ಕಟ್ಟನ್ನು ಅವಳಿಗೆ ಕುಡಿಸಿ, ಬೇಳೆಯನ್ನು ದೊಡ್ಡವರ ಸಾರಿಗೆ ಹಾಕುತ್ತಿದ್ದೆ. ಇವತ್ತು ಅಜ್ಜಂಪುರದ ಅಂಗನವಾಡಿಯಲ್ಲಿ ತಾಯಂದಿರಿಗೆ ಪಾಠವಿತ್ತು. ನನ್ನ ಮಾತು ಕೇಳಿ ಟೀಚರ್ ಹಣೆ ಚಚ್ಚಿಕೊಂಡರು. "ಕಟ್ಟು ಬರೀ ನೀರು ಕಣ್ರಮ್ಮಾ, ಶಕ್ತಿ ಇರೋದು ಬೇಳೇಲಿ. ಯಾರ್ರೀ ನಿಮ್ಗೆ ಹಿಂಗೆ ಹೇಳ್ಕೊಟ್ಟೋರು?"

ನಿನ್ನ ಹೆಸರು ಹೇಳಲಾಗಲಿಲ್ಲ. "ನಮ್ಮತ್ತೆ" ಎಂದುಬಿಟ್ಟೆ. ಅತ್ತೆ ಪಕ್ಕದಲ್ಲೇ ಕೂತಿದ್ದರು. ಎಲ್ಲರೂ ನಕ್ಕರು. ಅವರು ಸೆರಗು ಸರಿಮಾಡಿಕೊಂಡರು.

ಮನೆಯ ದಾರಿಯಲ್ಲಿ ಅತ್ತೆ, "ಬೀಗ್ತಿ ಮಾಡಿದ್ದಕ್ಕೆ ನಾನು ಬೈಸ್ಕೊಂಡೆ ನೋಡೇ. ಇರ್ಲಿ ಬಿಡು, ನಿನ್ ಗಂಡಂಗೆ ನಾನೂ ಅದ್ನೇ ಕುಡ್ಸಿದ್ದು" ಎಂದರು.

ಮನೆಗೆ ಬಂದು ಅವರೇ ಬೇಳೆಯನ್ನು ಅನ್ನದ ಜೊತೆ ಕಿವುಚಿ, ತುಪ್ಪ ಹಾಕಿ ಉಣಿಸಿದರು. ಕೃತಿಕಾ ಬಟ್ಟಲು ಖಾಲಿ ಮಾಡಿ ಮತ್ತೆ ಬಾಯಿ ತೆರೆದಳು. ಉಂಡು, ಅಳದೆ ಮಲಗಿದಳು.

ಇಷ್ಟು ದಿನ ಅವಳ ಅಳುವನ್ನು ನಾನು ಹಟ ಅಂದುಕೊಂಡಿದ್ದೆ, ಅಮ್ಮಾ.

ನಿನ್ನ
ಭವ್ಯ